ಮಂಗಳಾರತಿಗೆ ನಿಂತಾಕಿ

ನಾರ್ವೆಯ ಹಳೇ ನಾಟಕವೊಂದನ್ನು ಅಮೆರಿಕದವರು ಈಗಿನ ಕಾಲಕ್ಕೆ ತಿದ್ದಿ ಬರೆದಿದ್ದರು. ಅದರ ಕನ್ನಡ ರೂಪದಲ್ಲಿ, ಗಂಡನನ್ನು ಬಿಟ್ಟುಹೋಗುವ ಹೆಂಡತಿಯ ಪಾರ್ಟು ಲಲಿತಾಳದು. ನಿನ್ನೆ ತುಂಗಭದ್ರಾ ಅಣೆಕಟ್ಟಿನ ಪಕ್ಕದ ಟಿ.ಬಿ. ಡ್ಯಾಮ್ ಊರಿನಲ್ಲಿ ಆಡಿದ್ದಳು. ಇವತ್ತು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಪಕ್ಕದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಬಣ್ಣ ತೊಳೆದ ಮುಖ, ಅವರಿಗೆ ಗುರುತು ಹತ್ತಿರಲಿಲ್ಲ.

“ಹೊಳೆಮ್ಮಕ್ಕಾ, ಗಂಡನ ಮನಿ ಬಿಟ್ಟು ಬಂದು ಎಂಟು ದಿನ ಆಗಿಲ್ಲ. ಮತ್ತ ಆತನ ಊರು ಮೆಟ್ರಿಗೇ ಹೊಂಟೀಯಲ್ಲ!”

“ನಿನ್ನೆ ನಾಟಕ ನೋಡಿದ್ವಲ್ಲ ಸುಕನ್ಯಾ, ಅದಕ್ಕ.”

“ಅದ್ರಾಗ ಆಕಿ ಬಾಗ್ಲಾ ಬಡಿದು ಹೋದ್ಲು. ನೀನೂ ಚಪ್ಪಾಳೆ ಹೊಡ್ದಿ.”

“ಹೊಡ್ದೆ. ಆಮ್ಯಾಲೆ ಕಡೀಕ ಮಂಗಳಾರತಿಗೆ ಬಂದು, ಅದೇ ಗಂಡನ ಮಗ್ಗಲಾಗ ಕೈ ಮುಗಿದು ನಿಂತ್ಲು.”

“ಯಕ್ಕಾ, ಎಲ್ಲಾ ನಾಟಕದಾಗೂ ಹಂಗ ನಿಂದರ್ತಾರ. ಕಥಿ ಮುಗಿದಿತ್ತು.”

“ಗೊತ್ತೈತಿ. ಮುಗಿದ ಮ್ಯಾಲೆ ಎಲ್ಲಿ ನಿಂದರಬೇಕು ಅನ್ನೋದು ಆಗ ತಿಳೀತು.”

ಲಲಿತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೆಟ್ರಿಗೆ ಹೋಗುವ ಕಂಪ್ಲಿ ಬಸ್ಸು ಬಂದು ನಿಂತಿತು.

“ಮತ್ತ ಹೊಡೀತಾನಕ್ಕಾ. ಹೋಗಬ್ಯಾಡ.”

“ಹೊಡೀಲಿ ಬಿಡು.” ಹೊಳೆಮ್ಮ ಚೀಲ ಎತ್ತಿಕೊಂಡಳು. “ಪಾಪ, ಆ ನಾಟಕದಾಕಿಗೆ ತಾನೇ ಹೋಗಾಕ ಎಲ್ಲಿ ಜಾಗ ಇತ್ತು?”

ಅನ್ನುತ್ತಲೇ ಬಸ್ಸು ಹತ್ತಿದಳು.