ಹೊಳೆದ ಬೋರ್ ನೀರು

ರಾಮನಗರ ಬಸ್ ನಿಲ್ದಾಣದಲ್ಲಿ ಕೈಲಾಂಚದ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಮತ್ತು ಕಾಲೇಜು ಓದುವ ಮೊಮ್ಮಗಳ ಮಾತು ನನ್ನ ಕಿವಿಗೆ ಬಿತ್ತು.

"ನಮ್ ಲ್ಯಾಬಿನ ಔಷಧಿ ಹಾಕಿ ನೇರಳೆ ಲೈಟಲ್ಲಿ ಹಿಡುದ್ರೆ, ಸೀಸ ಇರೋ ನೀರು ಹೊಳೀತದೆ ಅಜ್ಜಿ. ನಿನ್ ಬೋರ್ ನೀರು ಔಷಧಿ ಹಾಕೋಕ್ ಮುಂಚೇನೇ ಹೊಳೀತು."

"ಅಷ್ಟೊಂದು ಸೀಸ ಐತಾ ಭಾನು?"

"ಸೀಸ ಅಲ್ಲ, ಅರಿಸಿನ. ಅದೂ ಆ ಲೈಟಲ್ಲಿ ಹೊಳೀತದೆ. ನೀರ್ ತುಂಬ್ಕೊಟ್ಟ ಬಾಟ್ಲಿಗೆ ಏನ್ ಹಾಕ್ದೆ?"

"ಗಂಗಮ್ಮಂಗೆ ಪೂಜೆ ಮಾಡ್ದೆ ಕಣವ್ವಾ. ಒಳ್ಳೇದಾಗ್ಲಿ ಅಂತ ಬಾಟ್ಲಿಗೂ ಒಸಿ ಹಾಕ್ದೆ."

"ಸೀಸ ಐತೋ ಇಲ್ವೋ ಈಗ ಗೊತ್ತೇ ಆಗ್ಲಿಲ್ಲ. ಅಕ್ಕನ ಮಗೀಗೆ ಇನ್ನೂ ಕ್ಯಾನ್ ನೀರೇ ಗತಿ. ನಾಳೆ ಬೆಳಿಗ್ಗೆ ನಾನೇ ಹಿಡೀತೀನಿ, ನೀನು ಬೋರ್ ತಾವ ಬರಬ್ಯಾಡ."

"ಬರಲ್ಲ ಬುಡು."

ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಅಜ್ಜಿ ಹೇಳಿದರು:

"ಹಂಗಾದ್ರೆ ಬೋರ್ ಪೂಜೆ ಇವತ್ ಸಂಜೇನೇ ಮುಗಿಸ್ಬುಡ್ತೀನಿ."