ಅರ್ಧ ಕೂಗು

ಪ್ರಿನ್ಸಿಪಾಲರ ಕೋಣೆಯ ಹೊರಗೆ, ನಾನು ಕಾಯುತ್ತಿದ್ದ ಬೆಂಚಿನಲ್ಲೇ ಅಕ್ಕತಂಗಿಯರಿಬ್ಬರು ಕೂತಿದ್ದರು. ಕಾಲೇಜಿನ ಗೇಟಿನಲ್ಲಿ ನಿಂತು ಘೋಷಣೆ ಕೂಗಿಸಿದಳೆಂದು ತಂಗಿಯ ಮಗಳನ್ನು ಅಮಾನತು ಮಾಡಿದ್ದರು.

“ಸೈಕಲ್ ಸ್ಟ್ಯಾಂಡ್ ಹಿಂದೆ ಕೂಗೋಕೆ ಪರ್ಮಿಷನ್ ಇತ್ತಂತಲ್ಲೇ?”

“ಅಲ್ಲಿ ಗೋಡೆ ಬಿಟ್ರೆ ಇನ್ಯಾರಿದ್ದಾರೆ ಅಕ್ಕ?”

“ಈಗ ಹೇಗಿದ್ದಾಳೆ?”

“ಹಗಲೆಲ್ಲ ತುಟಿ ಬಿಚ್ಚಲ್ಲ. ನಿದ್ದೇಲಿ ‘ಕೇಳೋದು ತಪ್ಪಾ?’ ಅಂತ ಕೂಗ್ತಾಳೆ. ಆಮೇಲೆ ಜೊತೆಯವರು ‘ತಪ್ಪಲ್ಲ’ ಅನ್ನಲಿ ಅಂತ ಕಾಯೋಳ ಹಾಗೆ ಸುಮ್ಮನಾಗ್ತಾಳೆ.”

“ಅಯ್ಯೋ, ಪಕ್ಕದ ಮನೆಯೋರಿಗೆ ಕೇಳಿಸಿದ್ರೆ?”

“ಅದಕ್ಕೇ ಅವಳ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಕೂತಿರ್ತೀನಿ.”

“ನಿಂಗೆ ನಿದ್ದೆ ಬೇಡ್ವೇನೇ?”

“ನಿನ್ನೆ ಕೂತಲ್ಲೇ ಜೊಂಪು ಹತ್ತಿಬಿಡ್ತು. ಅವಳು ಕೂಗಿದ್ಲು. ‘ತಪ್ಪಲ್ಲ’ ಅಂತ ಯಾರೋ ಜೋರಾಗಿ ಅಂದ್ರು. ಎಚ್ಚರ ಆದ್ರೆ, ನನ್ನದೇ ದನಿ.”

“ಆಮೇಲೆ?”

“ಅವಳು ನಿದ್ದೇಲೇ ನಕ್ಕಳು ಅಕ್ಕ. ನಾನು ನನ್ನ ಬಾಯಿ ಮುಚ್ಕೊಂಡೆ.”

ಜವಾನ ಬಾಗಿಲು ತೆಗೆದು ಅವರನ್ನು ಕರೆದ.

“ನಮ್ಮದೇ ತಪ್ಪು ಅಂತ ಅಂದ್ಬಿಡು, ಮುಗೀತು,” ಎನ್ನುತ್ತ ಅಕ್ಕ ಎದ್ದಳು.

ತಂಗಿ ಬಾಯಿಗೆ ಕೈ ಒತ್ತಿಕೊಂಡೇ ಒಳಗೆ ಹೋದಳು.