ಎಡಗೈ ಸಲ್ಯೂಟು

ನಗ್ತಿದೀಯಾ? ನಗು, ನಗು! ಹವಾಲ್ದಾರ್ ಶಾಂತವೀರಪ್ಪನ ಮಾನ ಇಡೀ ಶಿಕಾರಿಪುರದಾಗೆ ಹರಾಜಾಗಿದೆ, ನೀನು ನಗದೆ ಇನ್ಯಾರು ನಗ್ಬೇಕು! ...ಇಲ್ವಾ? ನಗ್ಲಿಲ್ವಾ? ಸರಿ ಬಿಡು. ತುಟಿ ಹಂಗೆ ಕಾಣ್ತು. ಕೆನ್ನೆ ಊದಿದ್ರಿಂದ ಇರ್ಬೇಕು. ಬೆಳಿಗ್ಗೆ ಮೇಜರ್ ಸಾಹೇಬ್ರ ಮುಂದೆ ನಿನಗೆ ಹೊಡೀಬಾರದಿತ್ತು, ಕೈ ತಡೀಲಿಲ್ಲ.

ನೋಡು ಯಲ್ಲಪ್ಪ, ನಿನ್ನ ಕರೆಸಿದ್ದು ಜಗಳಕ್ಕಲ್ಲ. ಈ ಕಾಗದಕ್ಕೆ ಒಂದು ಸಹಿ ಹಾಕು, ಅಷ್ಟೇ. ಸಾಹೇಬ್ರ ಜೀಪು ನಾಕು ಗಂಟೆಗೆ ಶಿವಮೊಗ್ಗಕ್ಕೆ ಹೊರಡುತ್ತೆ. ಅಷ್ಟರೊಳಗೆ ಇದು ಅವರ ಕೈ ಸೇರಿದ್ರೆ ನಿಮ್ಮ ಒಂಬತ್ತೂ ಜನಕ್ಕೆ ಇನ್ನೊಂದು ಸಲ ಪರೀಕ್ಷೆ. ಪಾಸಾದ್ರೆ ಸೈನ್ಯ! ಬೂಟು, ಕೋಟು, ತಿಂಗಳ ಸಂಬಳ! ಸೇರ್ಲಿಲ್ವೋ... ನಡಿ ತಾಳಗುಂದಕ್ಕೆ, ಗೌಡರ ಕೊಟ್ಟಿಗೇಲಿ ಸಗಣಿ ಬಾಚು ಮತ್ತೆ. ಬೇಕಾ ಅದು?

ಯಾಕೆ ಓದ್ತಾ ನಿಂತೆ? ಓದೋಕೇನಿದೆ ಅದ್ರಲ್ಲಿ, ನಾನೇ ಹೇಳ್ತೀನಿ ಕೇಳು. "ಫಿಲಂ ಮಿಷಿನ್ನಿನ ರಾಜಪ್ಪ ರೀಲನ್ನು ತಿರುವಿ ಹಾಕಿದ್ದರಿಂದ ನಮಗೆ ಬಲ ಎಡವಾಗಿಯೂ ಎಡ ಬಲವಾಗಿಯೂ ಕಾಣಿಸಿತು. ಹವಾಲ್ದಾರರ ತಪ್ಪು ಏನೂ ಇರುವುದಿಲ್ಲ." ಇಷ್ಟೇ. ರಾಜಪ್ಪನ ಕೆಲಸ ಹೋಗುತ್ತೆ ಅಂತಾನಾ? ಹೋಗ್ಲಿ! ಸೊರಬದಿಂದ ಆ ಫಿಲಂ ಪೆಟ್ಟಿಗೆ ಹೊತ್ಕೊಂಡು ಬಾ ಅಂತ ಅವನಿಗೆ ಹೇಳಿದ್ದು ನಾನಲ್ಲ.

ಪೆಟ್ಟಿಗೆ! ಪೆಟ್ಟಿಗೆ! ಹದಿನೇಳು ವರ್ಷ ಕಣೋ, ಹದಿನೇಳು ವರ್ಷ ಗಂಟಲು ಹರ್ಕೊಂಡು ಹುಡುಗರಿಗೆ ಡ್ರಿಲ್ ಕಲಿಸಿದೋನು ನಾನು. ಒಬ್ಬೊಬ್ಬನ ಮೊಣಕೈ ಹಿಡಿದು ತಿದ್ದಿದೀನಿ, ಹಿಮ್ಮಡಿಗೆ ಕೋಲು ತಟ್ಟಿ ತಟ್ಟಿ ನಿಲ್ಲಿಸಿದೀನಿ. ಈಗ ಈ ಐವತ್ತೇಳನೇ ಇಸವೀಲಿ ಹೊಸ ಹುಕುಂ! ಸೈನ್ಯದ ಭರ್ತಿ ಶಿಬಿರದ ಮೊದಲ ಆರು ದಿನ ಡ್ರಿಲ್ ಕಲಿಸೋ ಉಸ್ತಾದ್ರು ಬಾಯಿ ಬಿಡಂಗಿಲ್ವಂತೆ. ಫಿಲಂ ತೋರ್ಸೋದಂತೆ, ಹುಡುಗ್ರು ಅದನ್ನ ನೋಡಿ ತಾವೇ ಕಲಿಯೋದಂತೆ, ಏಳನೇ ದಿನ ಸಾಹೇಬ್ರು ಬಂದು ಪರೀಕ್ಷೆ ಮಾಡೋದಂತೆ. ನಾನೇನು ಮಾಡ್ಲಿ, ಬೀಡಿ ಸೇದ್ಲಾ? ಪರದೆ ಮೇಲೆ ಕುಣಿಯೋ ನೆರಳಿಗೆ ಎದುರಿಗೆ ಯಾರು ಕೂತಾರೆ ಅಂತ ಗೊತ್ತೇನು? ಯಾರಿಗೆ ತಿಳೀತು, ಯಾರಿಗೆ ತಿಳೀಲಿಲ್ಲ ಅಂತ ಅದು ತಿರುಗಿ ನೋಡುತ್ತಾ? ನೀನೇ ಹೇಳು!

...ನೆಲ ಯಾಕೆ ನೋಡ್ತೀಯಾ, ನನ್ನ ನೋಡು.

ಅಯ್ಯೋ, ಬೆಳಿಗ್ಗೆ ಆದದ್ದು ನೆನೆಸ್ಕೊಂಡ್ರೆ ಈಗ್ಲೂ ಮೈ ಉರೀತದೆ. ಮೊದಲ ನಲವತ್ತು ಜನ, ಭೇಷ್! ಬಂದೂಕು ಎಡ ಹೆಗಲಿಗೆ, ಸಲ್ಯೂಟು ಬಲಗೈಲಿ. ನನಗೇ ಹೊಟ್ಟೆಕಿಚ್ಚಾಯ್ತು, ಈ ದರಿದ್ರ ಪೆಟ್ಟಿಗೆ ಕಲಿಸೇಬಿಡ್ತಲ್ಲಾ ಅಂತ. ಆಮೇಲೆ ಕಡೇಗೆ ನಿಮ್ಮ ಸಾಲು... ಒಂಬತ್ತು ಬಂದೂಕು ಬಲ ಹೆಗಲಿಗೆ! ಒಂಬತ್ತು ಎಡಗೈ ಹಣೆಗೆ! ಒಬ್ಬ ತಪ್ಪಿದ್ರೆ ಮರೆವು ಅನ್ನಬಹುದು, ಇಬ್ಬರಾದ್ರೆ ದಡ್ಡತನ. ಒಂಬತ್ತು ಜನ ಒಟ್ಟಿಗೆ, ಒಂದು ಚೂರು ಹಿಂದೆ ಮುಂದೆ ಆಗ್ದಂಗೆ! ಸಾಹೇಬ್ರು ತಮ್ಮನ್ನ ಅಣಕಿಸ್ತಿದಾರೆ ಅಂದ್ಕೊಂಡ್ರು. ಪುಸ್ತಕ ತೆಗೆದು ಒಂಬತ್ತೂ ಹೆಸರಿಗೆ ಗೀಟೆಳೆದ್ರು. "ಏನ್ರೀ ಹವಾಲ್ದಾರ್, ಇದು ನಿಮ್ಮ ತಮಾಷೆಯಾ?" ಅಂದ್ರು. ನನ್ನ ತಮಾಷೆಯಂತೆ!

ಹಾಕಪ್ಪ ಸಹಿ. ಪೆನ್ನು ಹಿಡಿ.

ಏನು? ಯಾಕೆ ಬೆರಳಿಟ್ಟು ತೋರಿಸ್ತೀಯಾ? "ರೀಲು ತಿರುವಿ"... ಹೂಂ, ಅದಕ್ಕೇನು? ರೀಲು ತಿರುವಿದ್ರೆ ಆ ನಲವತ್ತು ಜನಕ್ಕೆ ಹೆಂಗೆ ಸರಿಯಾಗಿ ಕಾಣ್ತು ಅಂತಾನಾ? ಓಹೋಹೋ, ವಕೀಲ ಸಾಹೇಬ್ರು! ಅದನ್ನ ಯಾರು ಕೇಳ್ತಾರೆ? ಸಾಹೇಬ್ರು ಕೇಳ್ತಾರಾ? ಕೇಳಿದ್ರೆ ನಿಮಗೆ ಬೇರೆ ಹೊತ್ತಲ್ಲಿ, ಬೇರೆಯಾಗಿ ತೋರ್ಸಿದ್ದು ಅಂತೀನಿ. ಬೇರೆಯಾಗಿ... ಅದೇನು ಪೂರ್ತಿ ಸುಳ್ಳಲ್ಲವಲ್ಲ.

ಹಂಗೆ ನೋಡಬೇಡ. ಆಯ್ತು, ನಿಮ್ಮನ್ನ ಪರದೆ ಹಿಂದೆ ಕೂರಿಸಿದ್ದು ನಾನೇ. ಅದರಲ್ಲೇನು ಹೊಸದು? ಟೂರಿಂಗ್ ಟಾಕೀಸಿನೋರು ಬಂದಾಗ ಪರದೆ ಹಿಂದೆ ಕೂತು ನೋಡ್ತಿರ್ಲಿಲ್ವಾ ನೀವು? ಬಟ್ಟೆ ಪರದೆ, ಆ ಕಡೆಗೂ ಕಾಣುತ್ತೆ, ಈ ಕಡೆಗೂ ಕಾಣುತ್ತೆ. ಹಿಂದಿಂದ ನೋಡಿದ್ರೆ ಬಲಗೈ ಎಡಗೈ ಆಗುತ್ತೆ ಅಂತ ಯಾವನಿಗೆ ಹೊಳೀಬೇಕು!

ಕಾರಣ ಬೇಕಾ? ನಿನಗೆ ಗೊತ್ತಿರೋದೇ. ಫಿಲಂ ತೋರ್ಸಿದ ಜಾಗ ಅಕ್ಕಿ ಗಿರಣಿ ಪರಮಶಿವಪ್ಪನೋರ ಗೋಡೌನು. ಕಿಟಕಿಗೆಲ್ಲ ಗೋಣಿಚೀಲ ಹೊಡೆಸಿ ಮಟಮಟ ಮಧ್ಯಾಹ್ನ ಕತ್ತಲೆ ಮಾಡಿಸಿಕೊಟ್ಟೋರು ಅವರು. ಮೊದಲ ದಿನಾನೇ ಬಂದು ಹೇಳಿದ್ರು, "ಹವಾಲ್ದಾರ್ರೇ, ನಮ್ಮ ಹುಡುಗರ ಚಾಪೆ ಮೇಲೆ ಆ ಕೇರಿಯೋರು ಕೂರೋದಾದ್ರೆ ಬೀಗದ ಕೈ ವಾಪಸ್ ಕೊಡಿ" ಅಂತ. ನಾನೇನು ಮಾಡ್ಬೇಕಿತ್ತು? ಶಿಬಿರ ಮುಚ್ಚಿಸಬೇಕಿತ್ತಾ? ನಿಮಗೂ ಇಲ್ಲ, ಅವರಿಗೂ ಇಲ್ಲ ಅನ್ನಬೇಕಿತ್ತಾ? ಪರದೆ ಹಿಂದೆ ಜಾಗ ಇತ್ತು, ಕೂರಿಸಿದೆ. ಡ್ರಿಲ್ ಮಾಡೋಕೆ ಗಿರಣಿ ಹಿಂದೆ ಉಮಿ ಗುಡ್ಡೆ ಹತ್ರ ಜಾಗ ಇತ್ತು, ಕಳಿಸಿದೆ. ನಾನು ಆ ಕಡೆ ಬರ್ಲಿಲ್ಲ. ಉಸ್ತಾದ್ರು ಬಾಯಿ ಬಿಡಂಗಿಲ್ಲ ಅಂತ ಹುಕುಂ ಇತ್ತಲ್ಲ, ಬಂದು ಏನು ಮಾಡ್ಲಿ?

ನಾನು ಅಂಥೋನಲ್ಲ ಕಣೋ! ಬರ್ಮಾ ಯುದ್ಧದಾಗೆ ಯಾರ್ಯಾರ ಪಕ್ಕ ಕೂತು ಉಂಡಿಲ್ಲ ನಾನು? ಒಂದೇ ತಟ್ಟೇಲಿ ಉಂಡಿದೀನಿ. ಅಲ್ಲಿ ಯಾವನೂ ಯಾವನಿಗೂ ಯಾವ ಕೇರಿ ಅಂತ ಕೇಳ್ತಿರ್ಲಿಲ್ಲ. ಊರಿಗೆ ಬಂದ ಮೇಲೆ... ಊರು ಊರೇ ಮಾರಾಯ. ಇಲ್ಲಿ ನಾನು ಬಾಳ್ಬೇಕಲ್ಲ!

ಮಾತಾಡೋ! ಬಾಯಿಲ್ವಾ ನಿನಗೆ? ಆವತ್ತೂ ಹಿಂಗೇ! ತಪ್ಪು ನಿಂದೂ ಇದೆ, ತಿಳ್ಕೋ. ನಾಕನೇ ಕ್ಲಾಸು ಓದಿದೋನು ಆ ಒಂಬತ್ತು ಜನದಾಗೆ ನೀನೊಬ್ಬನೇ. ಒಂದು ಮಾತು ಬಂದು ಹೇಳ್ಬೇಕಿತ್ತು! ಪರದೆ ಮೇಲೆ ಒಂದು, ಎರಡು, ಮೂರು ಅಂತ ಬರೋ ಅಂಕಿ ತಿರುಗಾಮುರುಗಾ ಕಾಣ್ತಾವೆ, ಏನೋ ಎಡವಟ್ಟಾಗಿದೆ ಅಂತ ಹೇಳಿದ್ದಿದ್ರೆ ಆ ಕ್ಷಣಕ್ಕೇ ನಾನು...

ಏನು? ಯಾಕೆ ಈಗ ತಲೆ ಎತ್ತಿದೆ?

ಅಂಕಿ ವಿಷಯ ನನಗೆ ಹೆಂಗೆ ಗೊತ್ತಾಯ್ತು ಅಂತಾನಾ... ನಾನು ಮುಂದೆ ಕೂತಿದ್ದೋನು, ನಿಜ. ಹಿಂದಿಂದ ನಾನು ನೋಡ್ಲಿಲ್ಲ, ನಿಜ. ಯಾರೋ ಹೇಳಿದ್ರು. ರಾಜಪ್ಪನೇ ಹೇಳಿರ್ಬೇಕು. ಇಲ್ಲ... ರಾಜಪ್ಪ ಅಲ್ಲ...

ಬೈಯಾದ್ರೂ ಬೈಯೋ.

ಎರಡನೇ ದಿನ. ಊಟದ ಗಂಟೆ ಹೊಡೆದಿತ್ತು. ಗೋಡೌನ್ ಬಾಗಿಲಾಚೆ ನಿಂತು, ಟೊಪ್ಪಿಗೆ ಕೈಯಾಗೆ ಹಿಡ್ಕೊಂಡು, "ಅಂಕಿ ತಿರುಗಿ ಕಾಣ್ತಾವ್ರೀ. ಕೈನೂ ತಿರುಗಿ ಕಾಣ್ತಿರ್ಬೇಕ್ರೀ. ಚಾಪೆ ಬ್ಯಾಡ್ರೀ, ಗೋಡೆಗೆ ಒತ್ತಿ ನಿಂತಾದ್ರೂ ಈ ಕಡೆಯಿಂದ ನೋಡ್ತೀವ್ರೀ" ಅಂದೆ ನೀನು. ಪರಮಶಿವಪ್ಪನೋರು ಪಕ್ಕದಲ್ಲೇ ಇದ್ರು. ಅವರ ಮುಖ ನೋಡಿದೆ ನಾನು. ನಿನ್ನ ಮುಖ ನೋಡ್ಲಿಲ್ಲ.

"ನಿಮಗೆ ಇಷ್ಟು ಕಾಣ್ಸೋದೇ ಹೆಚ್ಚು, ಹೋಗ್ರೋ, ಕಂಡಂಗೆ ಮಾಡ್ರಿ" ಅಂದೆ.

ಕಂಡಂಗೇ ಮಾಡಿದ್ರಿ ನೀವು.